ಶಾಲು ಬೇಡ, ಚಾಪೆ ಹಾಸಿ

ಆಮಂತ್ರಣ ಪತ್ರಿಕೆ ಮನೆಗೆ ಬಂದಿದೆ. ಒಳ್ಳೆಯ ಕಾಗದ, ಎರಡು ಬಣ್ಣದ ಅಚ್ಚು. ಮೇಲೆ ದೀಪದ ಚಿತ್ರ, ಅದರ ಕೆಳಗೆ ‘ಬೀಳ್ಕೊಡುಗೆ ಸಮಾರಂಭ’. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಮುಖ್ಯ ಅತಿಥಿಗಳ ಮಾತು, ಶಾಲು ಹಾರ ಫಲಪುಷ್ಪ ಸ್ಮರಣಿಕೆ ಕೊಟ್ಟು ಯೋಗ ಟೀಚರಿಗೆ ಗೌರವಾರ್ಪಣೆ, ಕೊನೆಗೆ ಧನ್ಯವಾದ, ಆಮೇಲೆ ಊಟ. ಧನ್ಯವಾದದ ಎದುರು ನನ್ನ ಹೆಸರು ಉಂಟು. ಕೇಳದೆ ಹಾಕಿದ್ದಾರೆ. ಅದರಲ್ಲಿ ತಪ್ಪೇನಿಲ್ಲ, ಹತ್ತು ವರ್ಷದಿಂದ ನಮ್ಮ ವಾಚನಾಲಯದ ಎಲ್ಲ ಕಾರ್ಯಕ್ರಮಕ್ಕೂ ಧನ್ಯವಾದ ಹೇಳುವವನು ನಾನೇ.

ಈ ಸಲ ನಾನು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎಂಬುದನ್ನು ವೇದಿಕೆಯಲ್ಲಿ ನಿಂತು ಹೇಳಿದರೆ ಊಟಕ್ಕೆ ಬಂದವರಿಗೆ ಕಷ್ಟ ಆಗ್ತದೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಇದು ಅಚ್ಚಾಗಿ ನಿಮ್ಮ ಕೈಗೆ ಬರುವಾಗ ಸಮಾರಂಭ ಮುಗಿದಿರಬಹುದು. ಆದರೂ ನಾನು ಹೇಳುವ ಮಾತು ತಡವಾಗುವಂಥದ್ದಲ್ಲ. ವಾಚನಾಲಯದ ಖರ್ಚಿನಲ್ಲಿ ಅಚ್ಚಾಗುವ ಪುಸ್ತಕದಲ್ಲಿ ವಾಚನಾಲಯವನ್ನೇ ಬೈಯುವುದು ಸರಿಯೋ ಎಂದು ಸಂಪಾದಕರನ್ನು ಕೇಳಿದೆ. “ಬರೆಯಿರಿ, ಒಂದು ಸಾಲೂ ತೆಗೆಯುವುದಿಲ್ಲ” ಎಂದರು. ಅವರಿಗೆ ಬೇಕಾದರೆ ಧನ್ಯವಾದ ಹೇಳುತ್ತೇನೆ.

ಹೊರಗಿನ ಓದುಗರಿಗಾಗಿ ನಡೆದದ್ದು ಎಂತ ಎಂದು ಮೊದಲು ಹೇಳಬೇಕು. ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ಬಸ್ಸಿನಿಂದ ಇಳಿದು ಒಳಗೆ ನಡೆದರೆ ನಮ್ಮ ಊರು. ವಾಚನಾಲಯದ ಹಿಂದೆ ಹಂಚಿನ ಮಾಡಿನ ಒಂದು ಉದ್ದದ ಕಟ್ಟಡ ಉಂಟು. ಹಿಂದೆ ಅಡಿಕೆ ದಾಸ್ತಾನು ಇಡುತ್ತಿದ್ದ ಜಾಗ. 2008ರ ಜೂನ್‌ನಲ್ಲಿ, ಮಳೆ ಹಿಡಿದ ಮೇಲೆ, ಅಲ್ಲಿ ಯೋಗದ ಕ್ಲಾಸು ಶುರುವಾಯಿತು. ಜಾಗದ ಯಜಮಾನರು ಒಂದು ರೂಪಾಯಿ ಬಾಡಿಗೆ ಕೇಳಲಿಲ್ಲ. ಕಲಿಸಲು ನಿಂತವರು ಕನ್ನಡ ಶಾಲೆಯಿಂದ ನಿವೃತ್ತರಾದ ಟೀಚರು. ಊರಿನವರು ಅದಕ್ಕೆ ‘ಯೋಗದ ಕೊಟ್ಟಗೆ’ ಎಂದು ಹೆಸರಿಟ್ಟರು. ಮೊದಲು ತಮಾಷೆಗೆ, ಆಮೇಲೆ ಪ್ರೀತಿಗೆ.

ಬೆಳಿಗ್ಗೆ ಐದು ಮುಕ್ಕಾಲಕ್ಕೆ ಬಾಗಿಲು ತೆರೆಯುತ್ತಿತ್ತು. ಗೋಡೆಯ ಬದಿಯಲ್ಲಿ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ, ಮುಚ್ಚಳಕ್ಕೆ ತೂತು. ಕೊಡುವವರು ಹಾಕುವುದು, ಇಲ್ಲದವರು ಸುಮ್ಮನೆ ದಾಟಿ ಹೋಗುವುದು. ಯಾರು ಹಾಕಿದರು, ಎಷ್ಟು ಹಾಕಿದರು ಎಂದು ಟೀಚರು ಒಂದು ದಿನವೂ ನೋಡಿದವರಲ್ಲ.

ಬರುತ್ತಿದ್ದವರು ಯಾರು? ಮೊರ ಮಡಿಲಲ್ಲಿಟ್ಟು ದಿನಕ್ಕೆ ಎಂಟು ಹತ್ತು ಗಂಟೆ ಬೀಡಿ ಕಟ್ಟಿ ಕುತ್ತಿಗೆ ತಿರುಗಿಸಲು ಆಗದ ಹೆಂಗಸರು. ಕುಕ್ಕರಗಾಲಲ್ಲಿ ಕೂತು ಅಡಿಕೆ ಸುಲಿದು ಸೊಂಟ ಬಿದ್ದವರು. ರಿಕ್ಷಾ ಓಡಿಸುವ ಇಬ್ಬರು. ಗಲ್ಫಿನಿಂದ ಸಕ್ಕರೆ ಕಾಯಿಲೆ ಹೊತ್ತು ಬಂದ ಒಬ್ಬರು ಬ್ಯಾರಿ, ಮತ್ತೆ ಅವರ ಹೆಂಡತಿ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಮಲಯಾಳಿ ನರ್ಸಮ್ಮ. ಬೆನ್ನುನೋವಿನ ನಾನು. ಹವ್ಯಕರ ಮನೆಯ ಅಜ್ಜಿಯ ಚಾಪೆಯ ಪಕ್ಕದಲ್ಲಿ ಕಾಲೊನಿಯ ಹುಡುಗಿಯ ಚಾಪೆ. ನಮ್ಮ ಊರಿನಲ್ಲಿ ಮದುವೆ ಊಟಕ್ಕೆ ಯಾರು ಯಾವ ಪಂಕ್ತಿಯಲ್ಲಿ ಕೂರುತ್ತಿದ್ದರು ಎಂಬುದು ಗೊತ್ತಿರುವವರಿಗೆ ಈ ಎರಡು ಚಾಪೆಗಳ ನಡುವಿನ ಒಂದು ಗೇಣಿನ ಬೆಲೆ ಎಷ್ಟೆಂದು ನಾನು ವಿವರಿಸಬೇಕಾಗಿಲ್ಲ.

ಜಗಳ ಆಗಲಿಲ್ಲ ಎಂದಲ್ಲ. ಎರಡನೆಯ ವರ್ಷವೇ ಓಂಕಾರದ ತಕರಾರು ಬಂತು. ಓಂ ಹೇಳದಿದ್ದರೆ ಅದು ಯೋಗವೇ ಅಲ್ಲ ಎಂದು ನಾಲ್ಕು ಜನ. ಓಂ ಹೇಳಿಸಿದರೆ ನಾವು ಬರುವುದಿಲ್ಲ ಎಂದು ಮೂರು ಜನ. ಟೀಚರು ಭಾಷಣ ಮಾಡಲಿಲ್ಲ. “ಹೇಳುವವರು ಮನಸ್ಸಿನಲ್ಲಿ ಹೇಳಿ. ಹೇಳದವರು ಸುಮ್ಮನೆ ಉಸಿರು ಬಿಡಿ. ಬೆನ್ನು ಮಾತ್ರ ನೆಟ್ಟಗಿರಲಿ, ಅದು ಎಲ್ಲರಿಗೂ ಒಂದೇ” ಎಂದರು. ಎರಡು ಕಡೆಯವರೂ ಸಿಟ್ಟು ಮಾಡಿ ಹೋದರು. ಒಂದು ವಾರ ಕಳೆಯುವಾಗ ಎರಡು ಕಡೆಯವರೂ ವಾಪಸ್ಸು ಬಂದರು. ಸೊಂಟದ ನೋವಿಗೆ ಪಕ್ಷ ಇಲ್ಲವಲ್ಲ!

ಈಗ ಜಾಗದ ಯಜಮಾನರು ತೀರಿಕೊಂಡು, ಪಾಲಾಗಿ, ಮಕ್ಕಳು ಕಟ್ಟಡ ಮಾರಿದ್ದಾರೆ. ಅದಕ್ಕೆ ಅವರನ್ನು ದೂರುವುದು ಅನ್ಯಾಯ. ಅಷ್ಟು ವರ್ಷ ಪುಕ್ಕಟೆ ಕೊಟ್ಟವರ ಮೇಲೆ ನಮಗೆ ಯಾವ ಹಕ್ಕೂ ಇಲ್ಲ. ದೂರು ಇರುವುದು ನಮ್ಮ ಮೇಲೆ. ಕಟ್ಟಡ ಹೋಗುತ್ತದೆ ಎಂದು ಗೊತ್ತಾದ ಕೂಡಲೇ ಟೀಚರು ವಾಚನಾಲಯದ ಸಮಿತಿಗೆ ಒಂದು ಕಾಗದ ಬರೆದರು. ಬೆಳಿಗ್ಗೆ ಐದು ಮುಕ್ಕಾಲರಿಂದ ಏಳರವರೆಗೆ ಓದುವ ಹಾಲ್ ಕೊಡುವಿರಾ, ಮೇಜು ಸರಿಸಿ ಗುಡಿಸಿ ಮೊದಲಿನ ಹಾಗೆ ಇಟ್ಟು ಹೋಗುತ್ತೇವೆ ಎಂದು. ಪೇಪರ್ ಬರುವುದೇ ಏಳು ಗಂಟೆಗೆ. ಏಳೂವರೆಯ ಮೊದಲು ಆ ಹಾಲಿನಲ್ಲಿ ಒಂದು ಬೆಕ್ಕು ಬಿಟ್ಟರೆ ಬೇರೆ ಜೀವ ಇರುವುದಿಲ್ಲ.

ಸಮಿತಿ ‘ಆಗುವುದಿಲ್ಲ’ ಎಂದಿತು. ಅದೇ ಸಭೆಯಲ್ಲಿ, ಅದೇ ಚಹಾ ಕುಡಿಯುತ್ತಾ, ಟೀಚರಿಗೆ ಗಮ್ಮತ್ತಿನ ಬೀಳ್ಕೊಡುಗೆ ಕೊಡುವುದೆಂದು ಸರ್ವಾನುಮತದಿಂದ ತೀರ್ಮಾನ ಮಾಡಿತು. ನೀವೇ ಹೇಳಿ ಮಾರಾಯ್ರೆ, ಇದು ಎಂತ ನ್ಯಾಯ? ಕೆಲಸ ಮಾಡಲು ಜಾಗ ಕೇಳಿದವರಿಗೆ ಜಾಗ ಇಲ್ಲ, ಶಾಲು ಉಂಟು. ಚಾಪೆ ಹಾಸಲು ನೆಲ ಇಲ್ಲ, ಎಲೆ ಹಾಸಲು ಶಾಮಿಯಾನ ಉಂಟು. ಟೀಚರು ನಮ್ಮನ್ನು ಬಿಟ್ಟು ಹೋಗುತ್ತಿಲ್ಲ, ಅವರ ಮನೆ ಇರುವುದು ಇಲ್ಲಿಂದ ಎರಡು ಫರ್ಲಾಂಗು. ಹೋಗದವರನ್ನು ಹೋಗಿ ಎಂದು ಹೇಳುವುದಕ್ಕೆ ನಾವು ಇಟ್ಟ ಚಂದದ ಹೆಸರು ಬೀಳ್ಕೊಡುಗೆ.

ಸಭೆಯಲ್ಲಿ ಬಂದ ಕಾರಣಗಳನ್ನು ಒಂದೊಂದಾಗಿ ನೋಡೋಣ. ಎಲ್ಲವೂ ಸುಳ್ಳಲ್ಲ, ಒಂದರಲ್ಲಿ ತೂಕವೂ ಉಂಟು.

ಮೊದಲನೆಯದು, ‘ಈಗ ಎಲ್ಲ ಫೋನಿನಲ್ಲಿ ಸಿಗ್ತದೆ, ಮನೆಯಲ್ಲೇ ಮಾಡಬಹುದಲ್ಲ.’ ಸಿಗ್ತದೆ, ನಿಜ. ನಮ್ಮ ಕೊಟ್ಟಗೆಗೆ ಬರುತ್ತಿದ್ದ ಒಬ್ಬರು ಯೂಟ್ಯೂಬ್ ನೋಡಿ ಗೋಡೆಗೆ ಒರಗಿ ಶೀರ್ಷಾಸನ ಕಲಿತು ಬಂದು ಟೀಚರಿಗೆ ತೋರಿಸಲು ಹೊರಟರು. ಟೀಚರು ಕಾಲು ಹಿಡಿದು ಇಳಿಸಿದರು. ಅವರಿಗೆ ರಕ್ತದೊತ್ತಡ ಹೆಚ್ಚು ಇದ್ದದ್ದು ಟೀಚರಿಗೆ ಗೊತ್ತಿತ್ತು. ಅಂಥವರು ತಲೆಕೆಳಗಾಗಿ ನಿಲ್ಲಬಾರದು, ಕಣ್ಣಿನ ಒತ್ತಡ ಇರುವವರೂ ನಿಲ್ಲಬಾರದು. ಫೋನು ನಮಗೆ ತೋರಿಸುತ್ತದೆ, ನಮ್ಮನ್ನು ನೋಡುವುದಿಲ್ಲ. ಎರಡು ದಿನ ಬಾರದಿದ್ದರೆ ‘ಎಂತಾಯ್ತು’ ಎಂದು ಮನೆಯ ಬಾಗಿಲಿಗೆ ಬಂದು ಕೇಳುವುದಿಲ್ಲ. ಮತ್ತೆ ‘ಮನೆಯಲ್ಲೇ ಮಾಡಬಹುದು’ ಎನ್ನುವವರು ಗಂಡಸರು. ಬೆಳಿಗ್ಗೆ ಆರು ಗಂಟೆಗೆ ಮನೆಯೊಳಗೆ ಚಾಪೆ ಹಾಸಿ ಕಣ್ಣು ಮುಚ್ಚಿದ ಹೆಂಗಸಿಗೆ ಯಾವ ಮನೆಯಲ್ಲಿ ಹದಿನೈದು ನಿಮಿಷ ಸಿಗುತ್ತದೆ? ಚಹಾ ಎಲ್ಲಿ, ಅಂಗಿ ಎಲ್ಲಿ, ಹಾಲು ಉಕ್ಕಿತು! ಮನೆಯಿಂದ ಹೊರಗೆ ಅವಳದ್ದೇ ಆದ ಒಂದು ಗಂಟೆ ಆ ಕೊಟ್ಟಗೆಯಲ್ಲಿತ್ತು. ನಾವು ಮುಚ್ಚಿದ್ದು ಆ ಗಂಟೆಯನ್ನು.

ಎರಡನೆಯದು, ‘ವಾಚನಾಲಯ ಇರುವುದು ಓದಲಿಕ್ಕೆ, ಮಲಗಲಿಕ್ಕೆ ಅಲ್ಲ.’ ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗೆ ಇಳಿಯಿತು. ನಾವು ಕೇರಳದ ಗ್ರಂಥಾಲಯ ಚಳವಳಿಯ ನೆರಳಿನಲ್ಲಿ ಬೆಳೆದವರು. 1945ರಲ್ಲಿ ತಿರುವಾಂಕೂರಿನಲ್ಲಿ ಗ್ರಂಥಾಲಯಗಳ ಸಂಘ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರ ತೀರಿಹೋದ ದಿನ ಜೂನ್ 19ನ್ನು ವರ್ಷ ವರ್ಷ ವಾಚನಾ ದಿನ ಎಂದು ಆಚರಿಸುತ್ತೇವೆ. ಆ ಮನುಷ್ಯ ಪುಸ್ತಕಗಳಿಗೆ ಕಾವಲು ಕೂರಲು ವಾಚನಾಲಯ ಕಟ್ಟಿಸಲಿಲ್ಲ. ಅಕ್ಷರ ಬಾರದವರನ್ನು ಒಳಗೆ ಕರೆದರು. 1991ರ ಏಪ್ರಿಲ್ 18ರಂದು ಕೇರಳ ಸಂಪೂರ್ಣ ಸಾಕ್ಷರ ರಾಜ್ಯ ಎಂದು ಘೋಷಣೆಯಾಯಿತಲ್ಲ, ಅದರ ಹಿಂದೆ ಇಂಥ ಎಷ್ಟೋ ವಾಚನಾಲಯಗಳ ನೆಲದಲ್ಲಿ ಸಂಜೆ ಕೂತು ಸ್ಲೇಟು ಹಿಡಿದ ಅಜ್ಜಿಯರು ಇದ್ದರು. ಅವರು ಬಂದದ್ದು ಓದಲಿಕ್ಕೆ ಬರುತ್ತದೆ ಎಂದಲ್ಲ, ಬರುವುದಿಲ್ಲ ಎಂದು. ನಮ್ಮದೇ ಹಾಲಿನಲ್ಲಿ ಕೇರಂ ಆಡುತ್ತಾರೆ, ಓಟಿನ ಲೆಕ್ಕ ಹಾಕುತ್ತಾರೆ, ಮಳೆಗಾಲದ ಮಧ್ಯಾಹ್ನ ಪೇಪರ್ ಮುಖದ ಮೇಲೆ ಹಾಕಿ ಗೊರಕೆ ಹೊಡೆಯುತ್ತಾರೆ. ಅದಕ್ಕೆಲ್ಲ ನಿಯಮ ಅಡ್ಡ ಬರಲಿಲ್ಲ. ಗಂಡಸರು ಕುರ್ಚಿಯಲ್ಲಿ ನಿದ್ದೆ ಮಾಡಿದರೆ ಅದು ಓದು, ಹೆಂಗಸರು ನೆಲದಲ್ಲಿ ಶವಾಸನ ಮಾಡಿದರೆ ಅದು ಮಲಗುವುದು!

ಮೂರನೆಯದರಲ್ಲಿ ತೂಕ ಉಂಟು ಎಂದೆನಲ್ಲ, ಅದು ಇದು. ‘ಇವತ್ತು ಇವರಿಗೆ ಕೊಟ್ಟರೆ ನಾಳೆ ಇನ್ನೊಬ್ಬರು ಕೇಳ್ತಾರೆ. ಭಜನೆಯವರು ಬರ್ತಾರೆ, ದಫ್ ಕಲಿಯುವ ಮಕ್ಕಳು ಬರ್ತಾರೆ. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ವಾಚನಾಲಯ ಎಲ್ಲರದ್ದು.’ ಈ ಹೆದರಿಕೆ ಸುಳ್ಳಲ್ಲ. ನಮ್ಮಂಥ ಊರಿನಲ್ಲಿ ಒಂದು ಸಾರ್ವಜನಿಕ ಕೋಣೆ ಒಂದು ಬಣದ ಕೈಗೆ ಹೋಗಲು ಹೆಚ್ಚು ದಿನ ಬೇಡ. ಆದರೆ ಎಲ್ಲರದ್ದು ಎಂಬ ಕಾರಣಕ್ಕೆ ಯಾರಿಗೂ ಇಲ್ಲ ಎನ್ನುವುದು ಬುದ್ಧಿವಂತಿಕೆಯಲ್ಲ, ಸೋಮಾರಿತನ. ಒಂದು ನಿಯಮ ಬರೆದು ಗೋಡೆಗೆ ಅಂಟಿಸಿ. ಯಾರು ಬಂದರೂ ಒಳಗೆ ಬಿಡಬೇಕು, ಕಡ್ಡಾಯ ಶುಲ್ಕ ಇಲ್ಲ, ಬಾವುಟ ಇಲ್ಲ, ಭಾಷಣ ಇಲ್ಲ, ಓದುವ ಹೊತ್ತಿಗೆ ಅಡ್ಡಿ ಇಲ್ಲ, ಹೋಗುವಾಗ ಗುಡಿಸಬೇಕು. ಇದಕ್ಕೆ ಒಪ್ಪಿದವರಿಗೆ ಕೊಡಿ. ದಫ್ ಕಲಿಯುವ ಮಕ್ಕಳು ಒಪ್ಪಿ ಬಂದರೆ ಅವರಿಗೂ ಕೊಡೋಣ. ತಾಳಮದ್ದಳೆಯವರು ಬಂದರೆ ಅವರಿಗೂ. ಒಂದೇ ಹಾಲಿನಲ್ಲಿ ಬೇರೆ ಬೇರೆ ಹೊತ್ತಿಗೆ ಇವರೆಲ್ಲ ಬಂದು ಹೋದರೆ ಮೈಲಿಗೆಯಾಗುವುದು ಹಾಲಿಗಲ್ಲ, ನಮ್ಮ ಸಂಶಯಕ್ಕೆ.

ನಾಲ್ಕನೆಯದು, ‘ಯೋಗ ದಿನ ನಾವು ತಪ್ಪದೆ ಆಚರಿಸುತ್ತೇವಲ್ಲ.’ ಈ ಮಾತು ಕೇಳಿ ನನಗೆ ಸಿಟ್ಟು ಬಂದದ್ದು ನಿಜ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆಯಲ್ಲಿ 177 ದೇಶಗಳ ಬೆಂಬಲದಿಂದ ಠರಾವು ಪಾಸಾಯಿತು, 2015ರಿಂದ ಜೂನ್ 21 ಯೋಗ ದಿನವಾಯಿತು. ಅದಕ್ಕಿಂತ ಏಳು ವರ್ಷ ಮೊದಲೇ ನಮ್ಮ ಕೊಟ್ಟಗೆಯಲ್ಲಿ ಚಾಪೆ ಬಿಚ್ಚಿತ್ತು. ಆಮೇಲೆ ಪ್ರತಿ ಜೂನ್ 21ಕ್ಕೆ ಎಂತ ನಡೆಯಿತು? ಬಿಳಿ ಅಂಗಿ ಹಾಕಿ ಹಿರಿಯರು ಬಂದರು, ಮುಂದಿನ ಸಾಲಿನಲ್ಲಿ ಕೂತರು, ಎರಡು ಆಸನ, ಹತ್ತು ಫೋಟೋ. ಜೂನ್ 22ಕ್ಕೆ ಮತ್ತೆ ಬೀಡಿ ಕಟ್ಟುವವರು, ಅಡಿಕೆ ಸುಲಿಯುವವರು, ಟೀಚರು. ನಮ್ಮ ವಾಚನಾಲಯದ ಪಂಚಾಂಗದಲ್ಲಿ ಓದಿಗೆ ಜೂನ್ 19, ಯೋಗಕ್ಕೆ ಜೂನ್ 21. ಆ ಎರಡು ದಿನ ಬ್ಯಾನರ್ ಕಟ್ಟಿ ಉಳಿದ ದಿನ ಬಾಗಿಲು ಹಾಕಲು ನಮಗೆ ಯಾವ ಸಂಕೋಚವೂ ಇಲ್ಲ.

ಇಲ್ಲಿ ಮೈಸೂರಿನ ಒಂದು ಸಂಗತಿ ಹೇಳಬೇಕು, ಯಾಕೆಂದರೆ ನಮ್ಮ ಊರಿನಲ್ಲಿ ಆದದ್ದು ಹೊಸತಲ್ಲ. ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಆಶ್ರಯ ಕೊಟ್ಟು, 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆಸಿದರು. ಮರುವರ್ಷ ಕೃಷ್ಣಮಾಚಾರ್ಯರು ‘ಯೋಗ ಮಕರಂದ’ ಬರೆದರು, ಕನ್ನಡದಲ್ಲಿ. ಇವತ್ತು ಲೋಕವಿಡೀ ಜನ ಬೆವರು ಸುರಿಸುವ ಆಸನಗಳ ದೊಡ್ಡದೊಂದು ಪಾಲಿನ ದಾರಿ ಹಿಂದಕ್ಕೆ ಹೋದರೆ ಆ ಶಾಲೆಗೆ ಮುಟ್ಟುತ್ತದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಬಾಲ್ಯವಿಡೀ ಕಾಯಿಲೆ ಬಿದ್ದಿದ್ದ ಬಿ.ಕೆ.ಎಸ್. ಅಯ್ಯಂಗಾರರು ಅಲ್ಲಿ ಕಲಿತವರು. ಪಟ್ಟಾಭಿ ಜೋಯಿಸರೂ ಕೃಷ್ಣಮಾಚಾರ್ಯರ ಶಿಷ್ಯರೇ. ಆ ಶಾಲೆ ಎಂತಾಯಿತು? 1940ರಲ್ಲಿ ನಾಲ್ವಡಿಯವರು ತೀರಿಕೊಂಡರು. ಆಮೇಲೆ ರಾಜ್ಯಭಾರವೇ ಬದಲಾಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಕೃಷ್ಣಮಾಚಾರ್ಯರು ಮೈಸೂರು ಬಿಟ್ಟು ಮದ್ರಾಸಿಗೆ ಹೋದರು.

ಇದರಿಂದ ಕಲಿಯಬೇಕಾದ್ದು ಎರಡು. ಒಬ್ಬರ ದೊಡ್ಡ ಮನಸ್ಸಿನ ಮೇಲೆ ನಿಂತದ್ದು ಆ ಒಬ್ಬರು ಇರುವಷ್ಟು ದಿನ ಮಾತ್ರ. ಅರಮನೆಗೂ ಅದೇ ಗತಿ, ಅಡಿಕೆ ದಾಸ್ತಾನಿನ ಕೊಟ್ಟಗೆಗೂ ಅದೇ ಗತಿ. ಎರಡನೆಯದು, ಶಾಲೆ ಮುಚ್ಚಿದರೂ ವಿದ್ಯೆ ಮುಚ್ಚಲಿಲ್ಲ, ಯಾಕೆಂದರೆ ಕಲಿತವರು ಸಿಕ್ಕಿದ ಜಾಗದಲ್ಲಿ ಚಾಪೆ ಹಾಸಿದರು. ಜೋಯಿಸರು ಮೈಸೂರಿನ ಲಕ್ಷ್ಮೀಪುರದ ತಮ್ಮ ಮನೆಯಲ್ಲೇ ಪಾಠ ಹೇಳಿದರು. ಆ ಸಣ್ಣ ಕೋಣೆಗೆ ಆಮೇಲೆ ಹೊರದೇಶದವರು ಹುಡುಕಿಕೊಂಡು ಬಂದರು. ಅಯ್ಯಂಗಾರರು 1937ರಲ್ಲಿ ಪುಣೆಗೆ ಹೋದವರು, ಅಲ್ಲಿ ಅವರದ್ದೇ ಸಂಸ್ಥೆಯ ಕಟ್ಟಡ ತೆರೆದದ್ದು 1975ರಲ್ಲಿ. ನಡುವಿನ ಮೂವತ್ತೆಂಟು ವರ್ಷ ಕಟ್ಟಡ ಇಲ್ಲ ಎಂದು ಅವರು ಬೀಳ್ಕೊಡುಗೆ ಮಾಡಿಸಿಕೊಳ್ಳಲಿಲ್ಲ.

ಇನ್ನೊಂದು ಮಾತು, ನಮ್ಮ ಭಾಷೆಯ ಬಗ್ಗೆ. 1956ರ ನವೆಂಬರ್ 1ರಿಂದ ಲಾಗಾಯ್ತು ನಾವು ಗಡಿನಾಡ ಕನ್ನಡಿಗರು ಮನವಿ ಬರೆದದ್ದಕ್ಕೆ ಲೆಕ್ಕ ಇಲ್ಲ. ಮಹಾಜನ ವರದಿಯ ಹೆಸರನ್ನು ನಮ್ಮ ಮಕ್ಕಳು ಅಜ್ಜಿಕತೆಯ ಹಾಗೆ ಕೇಳಿ ಬೆಳೆದರು. ಕನ್ನಡ ಉಳಿಯಬೇಕು ಎಂದು ವೇದಿಕೆಯಲ್ಲಿ ನಾವು ನಾವೇ ನಮಗೆ ಹೇಳಿಕೊಳ್ಳುತ್ತೇವೆ. ಆ ಕೊಟ್ಟಗೆಯಲ್ಲಿ ಯಾರೂ ಹಾಗೆ ಹೇಳಲಿಲ್ಲ. ಟೀಚರು ಕನ್ನಡದಲ್ಲಿ ಎಣಿಸಿದರು, ಅಷ್ಟೆ. “ಎಡಗಾಲು ಹಿಂದೆ. ಉಸಿರು ತಗೊಳ್ಳಿ. ಬಿಡಿ. ನಿಧಾನ.” ಇಡತ್, ವಲತ್ ಎನ್ನುವವರಿಗೆ ಎಡ, ಬಲ ದೂರವೇನಲ್ಲ. ಬೀಡಿ ಕಟ್ಟುವವರು ಉಸಿರನ್ನು ತುಳುವಿನಲ್ಲಿ ಉಸುಲು ಎಂದರು, ನರ್ಸಮ್ಮ ಶ್ವಾಸಂ ಎಂದರು, ಟೀಚರು ಮೂರನ್ನೂ ಬಳಸಿದರು. ಮೂರು ವರ್ಷ ಕಳೆಯುವಾಗ ಆ ನರ್ಸಮ್ಮ ಆಸ್ಪತ್ರೆಯಲ್ಲಿ ನಮ್ಮ ಅಜ್ಜಿಯಂದಿರೊಡನೆ ಕನ್ನಡದಲ್ಲಿ ಮಾತಾಡುತ್ತಿದ್ದರು. “ಉಸಿರು ತಗೊಳ್ಳಿ ಅಮ್ಮ, ಹೆದರಬೇಡಿ” ಎಂದು ನನ್ನ ಹೆಂಡತಿಯ ಹಾಸಿಗೆಯ ಬದಿಯಲ್ಲಿ ನಿಂತು ಅವರು ಹೇಳಿದ್ದನ್ನು ನಾನು ಕೇಳಿದ್ದೇನೆ. ಯಾವ ಮನವಿಯಿಂದ ಅದನ್ನು ಪಡೆಯಬಹುದಿತ್ತು? ನಾನು ಸಹಿ ಹಾಕಿದ ಅಷ್ಟೂ ಮನವಿಗಳಿಗಿಂತ ಆ ಒಂದು ಮಾತು ಭಾರ.

ಈಗ ನನ್ನ ತಪ್ಪು. ಸಭೆಯಲ್ಲಿ ನಾನು ಇದ್ದೆ. ಟೀಚರ ಕಾಗದ ಓದಿದಾಗ ಇದ್ದೆ, ‘ಆಗುವುದಿಲ್ಲ’ ಎಂದಾಗ ಇದ್ದೆ. ಒಂದು ಮಾತು ಆಡಲಿಲ್ಲ. ಒಬ್ಬನೇ ಎದುರು ನಿಂತರೆ ನಾಳೆ ಚಹಾದ ಅಂಗಡಿಯಲ್ಲಿ ಮುಖ ನೋಡುವುದು ಕಷ್ಟ ಎಂದುಕೊಂಡೆ. ಸರ್ವಾನುಮತ ಎಂದರೆ ಇದೇ: ನನ್ನಂಥವರು ಬಾಯಿ ಮುಚ್ಚಿದ್ದು. ಬಿಸ್ಕತ್ತಿನ ಡಬ್ಬಿಗೆ ಕೂಡ ನಾನು ಹತ್ತು ರೂಪಾಯಿಗಿಂತ ಹೆಚ್ಚು ಹಾಕಿದ ನೆನಪಿಲ್ಲ. ನನ್ನ ಬೆನ್ನು ಸರಿಯಾದದ್ದು ಅಲ್ಲಿ. ಸರಿಯಾದ ಬೆನ್ನನ್ನು ಸಭೆಯಲ್ಲಿ ನೆಟ್ಟಗೆ ಮಾಡಲು ನನ್ನಿಂದ ಆಗಲಿಲ್ಲ. ಆದ್ದರಿಂದ ಈ ಬರಹದಲ್ಲಿ ‘ನಾವು’ ಎಂದಲ್ಲೆಲ್ಲ ಮೊದಲು ನನ್ನನ್ನು ಎಣಿಸಿಕೊಳ್ಳಿ.

ಬೈದು ಬಿಡುವುದು ಸುಲಭ, ಮುಂದೆ ಎಂತ ಮಾಡಬೇಕು ಎಂದೂ ಹೇಳಬೇಕಲ್ಲ. ಹೊಸ ಕಟ್ಟಡ ಬೇಡ, ಸರಕಾರದ ಅನುದಾನಕ್ಕೆ ಅರ್ಜಿ ಬೇಡ, ಇನ್ನೊಬ್ಬ ದೊಡ್ಡ ಮನಸ್ಸಿನ ಯಜಮಾನರನ್ನು ಹುಡುಕುವುದೂ ಬೇಡ. ಓದುವ ಹಾಲಿನಲ್ಲಿ ಇರುವುದು ಎರಡು ಉದ್ದದ ಮೇಜು. ನಾಲ್ಕು ಜನ ಹಿಡಿದರೆ ಐದು ನಿಮಿಷದಲ್ಲಿ ಗೋಡೆಗೆ ಸೇರುತ್ತದೆ. ಪುಸ್ತಕದ ಕಪಾಟಿಗೆ ಬೀಗ ಉಂಟು. ಬೀಗದ ಕೈ ಯಾರ ಜವಾಬ್ದಾರಿ ಎಂದು ಸಭೆಯಲ್ಲಿ ಕೇಳಿದರು. ನನ್ನದು. ಬೆಳಿಗ್ಗೆ ಐದೂವರೆಗೆ ತೆರೆಯುತ್ತೇನೆ, ಏಳಕ್ಕೆ ಗುಡಿಸಿಯೇ ಹೋಗುತ್ತೇನೆ, ಬರೆದು ಕೊಡುತ್ತೇನೆ. ಕರೆಂಟಿನ ಬಿಲ್ಲಿನಲ್ಲಿ ಹೆಚ್ಚಾದದ್ದನ್ನು ಬರುವವರು ಹಂಚಿಕೊಳ್ಳೋಣ, ಯಾರೂ ಒಬ್ಬರೇ ಹೊರಬಾರದು. ಟೀಚರಿಗೆ ಮೊಣಕಾಲು ನೋವು, ದಿನಾ ಆಗುವುದಿಲ್ಲ ಎಂಬುದೂ ನಿಜ. ಅವರು ಬಾರದ ದಿನ ಕೊಟ್ಟಗೆಯಲ್ಲಿ ಎದುರು ನಿಂತು ಎಣಿಸುತ್ತಿದ್ದದ್ದು ಬೀಡಿ ಕಟ್ಟುವ ಒಬ್ಬ ಹೆಂಗಸು. ಆಕೆಗೆ ಟೀಚರಷ್ಟೇ ಗೊತ್ತುಂಟು ಎಂದು ಟೀಚರೇ ಹೇಳುತ್ತಾರೆ. ಆಕೆಯನ್ನು ಎದುರು ನಿಲ್ಲಿಸಲು ನಮಗೆ ಮನಸ್ಸು ಉಂಟಾ ಎಂಬುದು ಮಾತ್ರ ಪ್ರಶ್ನೆ.

ಮುಂದಿನ ಸಭೆಯಲ್ಲಿ ಈ ಠರಾವನ್ನು ನಾನೇ ಮಂಡಿಸುತ್ತೇನೆ. ಅನುಮೋದಿಸಲು ಒಬ್ಬರು ಬೇಕು. ಓದುಗರಲ್ಲಿ ಸಮಿತಿಯವರು ಇದ್ದೀರಿ, ನಿಮ್ಮ ಪೈಕಿ ಮೂವರ ಬೆನ್ನನ್ನೂ ಆ ಕೊಟ್ಟಗೆಯೇ ಸರಿ ಮಾಡಿದ್ದು ನನಗೆ ಗೊತ್ತುಂಟು.

ಸಮಾರಂಭದ ದಿನ ಟೀಚರಿಗೆ ಹೊದೆಸಲು ತಂದ ಶಾಲು ಇರಲಿ, ಚಳಿಗಾಲಕ್ಕೆ ಆಗ್ತದೆ. ಆದರೆ ಅದನ್ನು ಹೊದೆಸುವಾಗ ‘ಹೋಗಿ ಬನ್ನಿ’ ಎನ್ನಬೇಡಿ. ಇಪ್ಪತ್ತೆರಡು ಚಾಪೆಗಳನ್ನು ಸುತ್ತಿ ಕಟ್ಟಿ ಸದ್ಯಕ್ಕೆ ನಮ್ಮ ಮನೆಯ ಅಟ್ಟದಲ್ಲಿ ಇಟ್ಟಿದ್ದೇನೆ. ಮಳೆಗಾಲ ಬರುವ ಮೊದಲು ಅವು ವಾಚನಾಲಯದ ನೆಲಕ್ಕೆ ಇಳಿಯಬೇಕು. ಇಳಿಯದಿದ್ದರೆ ಗೆದ್ದಲು ಹಿಡಿಯುತ್ತದೆ.